ಬೀರುವಿನೊಳಗಿನ ರಿಮೋಟು, ವರದಿಯೊಳಗಿನ ಪದ

ಸನ್ಮಾನ್ಯ ಸಭಾಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಕುರ್ಚಿಗಳೇ, ಕುರ್ಚಿಗಳನ್ನು ಅಲಂಕರಿಸಿರುವ ಗಣ್ಯರೇ, ಹಿಂದಿನ ಸಾಲಿನಲ್ಲಿ ಮೊಬೈಲಿನ ಬೆಳಕಿನಲ್ಲಿ ಬೆಳಗುತ್ತಿರುವ ಮಹನೀಯರೇ, ಹಾಗೂ ಹಾಲ್‌ನ ದೀಪ ಆರಿದ ಕೂಡಲೇ ನಿದ್ದೆಗೆ ಜಾರಲು ಸಜ್ಜಾಗಿರುವ ಸಮಸ್ತ ಸಭಿಕರೇ,

ಎಲ್ಲರಿಗೂ ವಂದಿಸಿ, ಒಬ್ಬರೊಡನೆ ಮಾತ್ರ ಮಾತನಾಡುತ್ತೇನೆ. ತರಬೇತಿ ಕೇಂದ್ರದ ಮಾನ್ಯ ನಿರ್ದೇಶಕರೇ, ನಿಮ್ಮ ಸಹಿ, ಮೊಹರು ಎರಡೂ ಇರುವ ವರದಿಯೊಂದರಲ್ಲಿ ನನ್ನ ಹೆಂಡತಿಯ ಮೇಲೆ ಅಜಾಗರೂಕತೆ ಎಂಬ ಪದವನ್ನು ಹೊರಿಸಿದ್ದೀರಿ. ಅದನ್ನು ತೆಗೆದುಹಾಕಿ. ಪತ್ರ ಇಷ್ಟೇ. ಉಳಿದದ್ದು, ಯಾಕೆ ತೆಗೆಯಬೇಕು ಎಂದು ನೀವು ಕೇಳಿದರೆ ಓದಿಕೊಳ್ಳಲು.

ಕೇಳಿಯೇ ಕೇಳುತ್ತೀರಿ. ಆದ್ದರಿಂದ ನಿಮ್ಮ ವಾಕ್ಯವನ್ನೇ ಮೊದಲು ನಿಮಗೆ ಒಪ್ಪಿಸುತ್ತೇನೆ: "ಸದರಿ ತರಬೇತುದಾರರು ಪ್ರೊಜೆಕ್ಟರ್ ಬಳಕೆಯ ಸಂದರ್ಭದಲ್ಲಿ ವಹಿಸಬೇಕಾದ ಎಚ್ಚರಿಕೆಯನ್ನು ವಹಿಸದೆ, ಸ್ವಂತ ಅಜಾಗರೂಕತೆಯಿಂದ ಬಿದ್ದು ಗಾಯಗೊಂಡಿರುತ್ತಾರೆ." ನಾನು ಛಾಪಖಾನೆಯೊಂದರಲ್ಲಿ ಕರಡು ತಿದ್ದುವ ಕೆಲಸದವನು. ಔಷಧಿ ಡಬ್ಬಿಯ ಚೀಟಿಯಿಂದ ಹಿಡಿದು ನಗರಸಭೆಯ ಪ್ರಕಟಣೆಯವರೆಗೆ ದಿನವಿಡೀ ಬೇರೆಯವರ ವಾಕ್ಯಗಳ ನಡುವೆ ಬದುಕುತ್ತೇನೆ. ಹಾಗಾಗಿ ಹೇಳುತ್ತೇನೆ, ನಿಮ್ಮ ವಾಕ್ಯದಲ್ಲಿ ಕಾಗುಣಿತದ ತಪ್ಪೊಂದೂ ಇಲ್ಲ. ಬಹಳ ಶುದ್ಧವಾದ ವಾಕ್ಯ. ಸುಳ್ಳನ್ನು ಇಷ್ಟು ಶುಚಿಯಾಗಿ ತೊಳೆದು, ಇಸ್ತ್ರಿ ಮಾಡಿ, ಮಡಿಸಿಟ್ಟದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡಿಲ್ಲ.

ಸಭಿಕರಿಗೆ ಗೊತ್ತಿರಲಿಕ್ಕಿಲ್ಲ, ಸ್ವಲ್ಪ ವಿವರಿಸುತ್ತೇನೆ. ನನ್ನ ಹೆಂಡತಿ ಈ ಕೇಂದ್ರದಲ್ಲಿ, ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸಹಾಯಕಿಯರಿಗೆ ಪಾಠ ಮಾಡುತ್ತಿದ್ದಳು. ರೋಗಿಯನ್ನು ಹೇಗೆ ಎತ್ತಬೇಕು, ಹೇಗೆ ಹೊರಳಿಸಬೇಕು, ಯಾವಾಗ ಮುಟ್ಟಲೇಬಾರದು ಎಂಬುದನ್ನು ಪರದೆಯ ಮೇಲೆ ಚಿತ್ರ ತೋರಿಸಿ ಕಲಿಸುವ ಕೆಲಸ. ಚಿತ್ರ ತೋರಿಸುವ ಪ್ರೊಜೆಕ್ಟರನ್ನು ಹಾಲ್‌ನ ಚಾವಣಿಗೆ ಬೋಲ್ಟು ಹಾಕಿ ಕೂರಿಸಿದ್ದಾರೆ. ಒಳ್ಳೆಯದೇ. ವೈರು ಕಾಲಿಗೆ ತೊಡರುವುದಿಲ್ಲ, ಯಾರೂ ಬೆಳಕಿಗೆ ಅಡ್ಡ ನಿಂತು ಕಣ್ಣು ಕುಕ್ಕಿಸಿಕೊಳ್ಳುವುದಿಲ್ಲ. ಚಾವಣಿಯಲ್ಲಿರುವ ಯಂತ್ರವನ್ನು ಕೆಳಗಿನಿಂದ ಹೊತ್ತಿಸಲು, ಆರಿಸಲು ರಿಮೋಟು ಇದೆ. ಹಿಂದೊಮ್ಮೆ ರಿಮೋಟು ಕಳೆದುಹೋಗಿತ್ತಂತೆ. ಹೊಸದು ಬಂದ ದಿನವೇ ನೀವು ಅದನ್ನು ನಿಮ್ಮ ಕೋಣೆಯ ಬೀರುವಿನಲ್ಲಿಟ್ಟು ಬೀಗ ಜಡಿದಿರಿ. ಅಂದಿನಿಂದ ವ್ಯವಸ್ಥೆ ಹೀಗೆ: ರಿಮೋಟು ಬೀರುವಿನಲ್ಲಿ, ಬೀಗದ ಕೈ ನಿಮ್ಮ ಜೇಬಿನಲ್ಲಿ, ಜೇಬು ನಿಮ್ಮ ಅಂಗಿಯಲ್ಲಿ, ಅಂಗಿ ತರಗತಿ ಶುರುವಾಗುವ ಹೊತ್ತಿಗೆ ಇನ್ನೂ ದಾರಿಯಲ್ಲಿ. ಪ್ರಾಸ ನನ್ನದು, ವ್ಯವಸ್ಥೆ ನಿಮ್ಮದು.

ತರಬೇತುದಾರರು ಏನು ಮಾಡಬೇಕು? ಮೇಜಿನ ಮೇಲೆ ಕುರ್ಚಿ ಇಟ್ಟು, ಕುರ್ಚಿಯ ಮೇಲೆ ತಾವು ಹತ್ತಿ, ಯಂತ್ರದ ಹೊಟ್ಟೆಯಲ್ಲಿರುವ ಗುಂಡಿಯನ್ನು ಒತ್ತಬೇಕು. ಮೊದಲು ಇದಕ್ಕೆಂದೇ ಎತ್ತರದ ಒಂದು ಸ್ಟೂಲು ಇತ್ತು. ಅದೀಗ ನಿಮ್ಮ ಕೋಣೆಯಲ್ಲಿ ಕುಡಿಯುವ ನೀರಿನ ಕ್ಯಾನು ಹೊತ್ತು ನಿಂತಿದೆ. ಈ ಹತ್ತುವ ಕೆಲಸಕ್ಕೆ ನಿಮ್ಮ ಸಿಬ್ಬಂದಿ ಇಟ್ಟ ಹೆಸರು ಧ್ವಜಾರೋಹಣ. ಬೆಳಿಗ್ಗೆ ಆರೋಹಣ, ಮಧ್ಯಾಹ್ನ ಅವರೋಹಣ. ಲೆಕ್ಕಪತ್ರದವರು ಹತ್ತಿದ್ದಾರೆ, ಮೊಣಕಾಲು ನೋವಿರುವ ಹಿರಿಯ ತರಬೇತುದಾರರೂ ಹತ್ತಿದ್ದಾರೆ. ನೀವು ನೋಡಿಲ್ಲ ಎನ್ನುತ್ತೀರಾ? ಒಮ್ಮೆ ನನ್ನ ಹೆಂಡತಿ ನಿಮ್ಮನ್ನೇ ಕೇಳಿದ್ದಳು, ರಿಮೋಟು ಹಾಲ್‌ನಲ್ಲೇ ಇರಲಿ ಎಂದು. ಮನೆಗೆ ಬಂದು ನಿಮ್ಮ ದನಿಯನ್ನೇ ಅನುಕರಿಸಿ ತೋರಿಸಿದಳು: "ಕಳೆದುಹೋದ್ರೆ ಯಾರಮ್ಮಾ ಜವಾಬ್ದಾರಿ?" ನಾವೆಲ್ಲ ನಕ್ಕೆವು. ಮಗಳು ಆ ವಾರವೆಲ್ಲ ಟಿ.ವಿ. ರಿಮೋಟು ಅಡಗಿಸಿಟ್ಟು ಅದನ್ನೇ ಹೇಳುತ್ತಿದ್ದಳು.

ಈಗ ಅಜಾಗರೂಕತೆಗೆ ಬರೋಣ. ಅಂದು ಪಾಠ ಮುಗಿದಿತ್ತು. ಯಂತ್ರ ಆರಿಸಬೇಕಿತ್ತು. ಬಾಗಿಲ ಪಕ್ಕದ ಗೋಡೆಯಲ್ಲಿ, ಮೊಣಕೈ ಎತ್ತರದಲ್ಲಿ, ಅದರ ಮೇನ್ ಸ್ವಿಚ್ ಇದೆ. ಒಂದು ಬೆರಳು ಸಾಕು. ಅವರೋಹಣವೆಂದು ಹೆಸರಿದ್ದರೂ ಹೆಚ್ಚಿನವರು ಮತ್ತೆ ಹತ್ತದೆ ಹಾಗೆಯೇ ಆರಿಸುತ್ತಾರೆ. ಆದರೆ ಸ್ವಿಚ್ಚಿನ ಮೇಲೆಯೇ ನಿಮ್ಮ ಸಹಿಯ ಸೂಚನೆಯೊಂದು ಅಂಟಿಕೊಂಡಿದೆ: ಪ್ರೊಜೆಕ್ಟರನ್ನು ನೇರವಾಗಿ ಮೇನ್ ಸ್ವಿಚ್ಚಿನಿಂದ ಆರಿಸತಕ್ಕದ್ದಲ್ಲ, ಮೊದಲು ಗುಂಡಿ ಒತ್ತಿ, ಒಳಗಿನ ಫ್ಯಾನು ತಾನಾಗಿ ನಿಂತ ಮೇಲಷ್ಟೇ ವಿದ್ಯುತ್ ತೆಗೆಯತಕ್ಕದ್ದು, ದೀಪ ಸುಟ್ಟಲ್ಲಿ ಆಯಾ ತರಬೇತುದಾರರೇ ಹೊಣೆ. ಸರಿಯಾದ ಸೂಚನೆಯೇ. ಒಳಗಿನ ದೀಪ ಕೆಂಡದಂತೆ ಕಾದಿರುತ್ತದೆ, ಫ್ಯಾನು ತಿರುಗಿ ಅದನ್ನು ತಣಿಸಬೇಕು, ಏಕಾಏಕಿ ವಿದ್ಯುತ್ ಕಡಿದರೆ ಕಾವು ಒಳಗೇ ಕೂತು ದೀಪ ಹಾಳಾಗುತ್ತದೆ. ಈ ಸೂಚನೆಯನ್ನು ಇಡೀ ಕೇಂದ್ರದಲ್ಲಿ ಅಕ್ಷರಶಃ ಪಾಲಿಸುತ್ತಿದ್ದ ವ್ಯಕ್ತಿ ಒಬ್ಬಳೇ. ಮಾನ್ಯರೇ, ಆಕೆ ಅಜಾಗರೂಕಳಾಗಿದ್ದರೆ ಗೋಡೆಯ ಸ್ವಿಚ್ಚನ್ನು ಟಕ್ ಎನ್ನಿಸಿ ಊಟಕ್ಕೆ ಹೋಗುತ್ತಿದ್ದಳು. ಜಾಗರೂಕಳಾದ್ದರಿಂದಲೇ ಹತ್ತಿದಳು. ಹತ್ತಿದ್ದರಿಂದಲೇ ಬಿದ್ದಳು. ಹೀಗಿರುವಾಗ ಯಾವ ಪದ ಯಾರ ಪಾಲಿಗೆ ಬರಬೇಕಿತ್ತು?

ಆಕೆಯ ಎಚ್ಚರವನ್ನು ಬಲ್ಲವನು ನಾನು. ಮಗಳ ಹುಟ್ಟುಹಬ್ಬಕ್ಕೆ ಪಕ್ಕದ ಮನೆಯವರಿಂದ ಚಿಕ್ಕ ಪ್ರೊಜೆಕ್ಟರೊಂದನ್ನು ಎರವಲು ತಂದಿದ್ದೆವು. ಚಿತ್ರ ಗೋಡೆಯ ಮೇಲೆ ಸ್ವಲ್ಪ ಮೇಲೇಳಲಿ ಎಂದು ನಾನು ಅದರ ಕೆಳಗೆ ತಲೆದಿಂಬು ಇಟ್ಟೆ.

"ರೀ, ದಿಂಬು ತೆಗೀರಿ. ಕೆಳಗೆ ಗಾಳಿ ಕಿಂಡಿ ಇದೆ. ಅದಕ್ಕೂ ಉಸಿರಾಡ್ಬೇಕು."

"ಪಾಪ, ದಣಿದಿದೆ, ಮಲಗ್ಲಿ ಬಿಡೇ."

"ಮಲಗಿದ್ರೆ ಹೊಗೆ ಬರತ್ತೆ. ಆಮೇಲೆ ಕವನ ಬರೀತೀರಾ ಅದರ ಮೇಲೆ?"

ದಿಂಬಿನ ಜಾಗದಲ್ಲಿ ಮರದ ಹಲಗೆ ಬಂತು. ನೆಲದ ಮೇಲಿನ ವೈರಿನ ಉದ್ದಕ್ಕೂ ಟೇಪು ಅಂಟಿತು. ಲೆನ್ಸಿನೊಳಗೆ ಇಣುಕಲು ಹೋದ ಮಕ್ಕಳ ಗಲ್ಲ ಹಿಡಿದು ಗೋಡೆಯ ಕಡೆ ತಿರುಗಿಸಿದ್ದಾಯಿತು. ಸಿನಿಮಾ ಮುಗಿದ ಮೇಲೆ ಅತಿಥಿಗಳೆಲ್ಲ ಹೋದರೂ ಆಕೆ ಆ ಫ್ಯಾನು ನಿಲ್ಲುವವರೆಗೆ ಅದರ ಪಕ್ಕ ಕಾದು ಕುಳಿತಿದ್ದಳು, ಜ್ವರದ ಮಗುವಿನ ಪಕ್ಕ ಕುಳಿತ ಹಾಗೆ.

ಅಂಥವಳು ಒಬ್ಬಂಟಿಯಾಗಿ ಹತ್ತುತ್ತಾಳೆಯೇ? ಹತ್ತಲಿಲ್ಲ. ಕುರ್ಚಿ ಹಿಡಿಯಲು ನಿಮ್ಮ ಕಚೇರಿಯ ಜವಾನರನ್ನು ಕರೆದಿದ್ದಳು. ಅವರು ಎರಡೂ ಕೈಯಲ್ಲಿ ಹಿಡಿದಿದ್ದರು. ಆಕೆ ಗುಂಡಿ ಒತ್ತಿದಳು. ಆ ಯಂತ್ರ ಒಮ್ಮೆ ಒತ್ತಿದರೆ "ನಿಜವಾಗಿಯೂ ಆರಿಸಬೇಕೇ?" ಎಂದು ಪರದೆಯ ಮೇಲೆ ಕೇಳುತ್ತದೆ, ಇನ್ನೊಮ್ಮೆ ಒತ್ತಬೇಕು. ಆ ಎರಡು ಒತ್ತುಗಳ ನಡುವೆ ಹಾಲ್‌ನ ಬಾಗಿಲಲ್ಲಿ ನೀವು ಕಾಣಿಸಿಕೊಂಡಿರಿ. ನಿಮ್ಮ ಕಚೇರಿಯಲ್ಲಿ ಒಂದು ಪದ್ಧತಿ ಇದೆ. ನೀವು ಬಂದರೆ, ಎಲ್ಲಿದ್ದವರು ಅಲ್ಲೇ, ಏನು ಹಿಡಿದಿದ್ದರೂ ಅದನ್ನು ಕೆಳಗಿಟ್ಟು, ಸೆಟೆದು ನಿಂತು ಸೆಲ್ಯೂಟು ಹೊಡೆಯಬೇಕು. ಟೀ ಲೋಟ ಹಿಡಿದು ಸೆಲ್ಯೂಟು ಹೊಡೆದವರಿಗೆ ನೀವು ನೋಟಿಸು ಕೊಟ್ಟಿದ್ದು ಎಲ್ಲರಿಗೂ ನೆನಪಿದೆ. ಮುಂದಿನದನ್ನು ನಾನು ಹೇಳುವುದಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಜವಾನರು ಗೋಡೆ ನೋಡುತ್ತ ಹೇಳಿದ್ದನ್ನೇ ಬರೆಯುತ್ತೇನೆ.

"ಸಾರ್, ನಾನು ಹಿಡ್ಕೊಂಡೇ ಇದ್ದೆ. ಸಾಹೇಬ್ರು ಬಂದ್ರು. ಕೈ ತಾನಾಗೇ ಮೇಲೆ ಹೋಯ್ತು ಸಾರ್."

"ಎರಡೂ ಕೈ ಹೋಯ್ತಾ?"

"ಒಂದು ಹಣೆಗೆ. ಇನ್ನೊಂದು ಪಕ್ಕಕ್ಕೆ. ನಿಯಮ ಹಂಗೇ ಅಲ್ವಾ?"

ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. "ಬರೀರಿ ಸಾರ್. ಸಾಹೇಬ್ರಿಗೆ ನಾನೂ ಹೇಳಿದ್ದೆ, ಹಿಂಗಾಯ್ತು ಅಂತ. ನೀನು ಹೋಗಿ ನೀರು ತಗೊಂಡು ಬಾ ಅಂದ್ರು" ಎಂದರು. ಅಂದರೆ ಇದು ನಿಮಗೆ ತಿಳಿಯದ ವಿಷಯವಲ್ಲ. ಆದರೂ ವರದಿಯಲ್ಲಿ ಬೀರು ಇಲ್ಲ, ಸೆಲ್ಯೂಟು ಇಲ್ಲ, ಬಾಗಿಲಲ್ಲಿ ನಿಂತವರು ಇಲ್ಲ. ಯಾರೂ ಇಲ್ಲದ ಹಾಲ್‌ನಲ್ಲಿ ಒಬ್ಬ ಹೆಂಗಸು ಯಾವ ಕಾರಣವೂ ಇಲ್ಲದೆ ಕುರ್ಚಿ ಹತ್ತಿ ಬಿದ್ದಿದ್ದಾಳೆ. ಬೀಗದ ಕೈ ಮಾತ್ರ, ಆಕೆ ನೆಲಕ್ಕೆ ಬೀಳುವಾಗ, ಹತ್ತೇ ಹೆಜ್ಜೆ ಆಚೆ, ನಿಮ್ಮ ಜೇಬಿನಲ್ಲಿ ಬೆಚ್ಚಗಿತ್ತು.

ಇನ್ನೊಂದು ಸಂಗತಿ. ಬಿದ್ದವಳನ್ನು ನೀವು ಎತ್ತಿ ಕೂರಿಸಿ ಎಂದಿರಂತೆ. ಆಕೆಯ ವಿದ್ಯಾರ್ಥಿನಿಯರು ಕೂರಿಸಲಿಲ್ಲ. "ಮೇಡಂ ಹೇಳಿದ್ದಾರೆ, ತಲೆಗೆ ಪೆಟ್ಟಾದವ್ರನ್ನ ಅಲ್ಲಾಡಿಸ್ಬಾರ್ದು" ಎಂದು ಒಬ್ಬಳು ಮಂಡಿಯೂರಿ, ಎರಡೂ ಕೈಯಲ್ಲಿ ತಲೆಯನ್ನು ಅಲುಗದಂತೆ ಹಿಡಿದುಕೊಂಡಳಂತೆ, ಆಂಬುಲೆನ್ಸ್ ಬರುವವರೆಗೂ. ಆ ಪಾಠದ ಚಿತ್ರವನ್ನು ಪರದೆಯ ಮೇಲೆ ತೋರಿಸಿ ಮುಗಿಸಿದ್ದು ಅದೇ ಬೆಳಿಗ್ಗೆ. ಆಕೆ ಇಂದು ನಡೆಯುತ್ತಿದ್ದರೆ ಅದು ಆಕೆಯದೇ ಜಾಗರೂಕತೆಯಿಂದ. ನೀವು ಆಸ್ಪತ್ರೆಗೆ ಹಣ್ಣಿನ ಬುಟ್ಟಿ ಕಳಿಸಿದಿರಿ. ಸೇಬುಗಳು ಚೆನ್ನಾಗಿದ್ದವು. ಮಗಳು ತಿಂದಳು.

ನಡೆಯುತ್ತಾಳಲ್ಲ, ಮತ್ತೇನು ತಕರಾರು ಎನ್ನುತ್ತೀರಾ? ನಡೆಯುತ್ತಾಳೆ, ಮಾತನಾಡುತ್ತಾಳೆ, ನನ್ನ ಪ್ರಾಸಗಳಿಗೆ ಮೊದಲಿನಂತೆಯೇ ಮುಖ ಸಿಂಡರಿಸುತ್ತಾಳೆ. ಆ ದಿನ ಮಾತ್ರ ಆಕೆಯ ಬಳಿ ಇಲ್ಲ. ಬೆಳಿಗ್ಗೆ ಮನೆಯಿಂದ ಹೊರಟದ್ದಾಗಲಿ, ಪಾಠವಾಗಲಿ, ಹತ್ತಿದ್ದಾಗಲಿ, ಒಂದೂ ನೆನಪಿಲ್ಲ. ಇನ್ನು ಬರುವುದೂ ಇಲ್ಲ ಎಂದಿದ್ದಾರೆ ವೈದ್ಯರು. ಆ ಖಾಲಿ ಜಾಗಕ್ಕೆ ಅಂಚೆಯಲ್ಲಿ ನಿಮ್ಮ ವರದಿಯ ಪ್ರತಿ ಬಂತು. ನಾನು ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದಾಗ ಆಕೆ ಅದನ್ನು ಊಟದ ಮೇಜಿನ ಮೇಲೆ ಹರವಿಕೊಂಡು ಕುಳಿತಿದ್ದಳು.

"ರೀ, ಬಂತು ನೋಡಿ. ಅಂತೂ ಗೊತ್ತಾಯ್ತು ಏನಾಯ್ತು ಅಂತ."

ನಾನು ಜವಾನರು ಹೇಳಿದ್ದನ್ನೆಲ್ಲ ಹೇಳಿದೆ. ಬೀರು, ಸ್ವಿಚ್ಚು, ಸೆಲ್ಯೂಟು, ಎಲ್ಲ. ತಾಳ್ಮೆಯಿಂದ ಕೇಳಿದಳು. "ಪಾಪ, ಅವ್ರು ನಿಮ್ಮ ಸಮಾಧಾನಕ್ಕೆ ಹೇಳಿದಾರೆ. ನೀವು ನನ್ನ ಸಮಾಧಾನಕ್ಕೆ ಹೇಳ್ತಿದೀರ. ಇದು ಸೀಲು ಹಾಕಿದ ಕಾಗದ ರೀ."

ಅಂದಿನಿಂದ ಆಕೆ ಇಸ್ತ್ರಿಪೆಟ್ಟಿಗೆ ಮುಟ್ಟುವುದಿಲ್ಲ. ಮಗಳು ಬಂದು, "ಅಪ್ಪಾ, ಅಮ್ಮ ಮಿಕ್ಸಿ ಹಾಕೋಕೂ ನನ್ನ ಕೇಳ್ತಾಳೆ, ನಾನೇನು ಇಂಜಿನಿಯರಾ?" ಎನ್ನುತ್ತಾಳೆ. ರಸ್ತೆ ದಾಟುವಾಗ ಮಗಳ ಕೈಯನ್ನು ತಾನು ಹಿಡಿಯುವುದಿಲ್ಲ, ಮಗಳೇ ಹಿಡಿಯಲಿ ಎಂದು ಕೈ ಚಾಚುತ್ತಾಳೆ. ಕೆಲಸಕ್ಕೆ ಮರಳಿ ಎಂದು ವಿದ್ಯಾರ್ಥಿನಿಯರು ಫೋನು ಮಾಡಿದರೆ, "ನನ್ನಂಥವಳು ರೋಗಿಗಳ ವಿಷಯ ಕಲಿಸಬಾರದಮ್ಮಾ" ಎಂದು ಇಟ್ಟುಬಿಡುತ್ತಾಳೆ. ನನ್ನಂಥವಳು! ಆ ಅಂಥವಳನ್ನು ಸೃಷ್ಟಿಸಿದ್ದು ನೀವು, ಒಂದು ಪದದಲ್ಲಿ. ನನಗೆ ಇದನ್ನೆಲ್ಲ ಬರೆಯುವಾಗ ಅಳು ಬರಬೇಕು ಅನ್ನಿಸುತ್ತದೆ. ಬರುವುದಿಲ್ಲ. ಪದಗಳು ಸಾಲಾಗಿ ಬರುತ್ತವೆ, ಪಡಿತರದ ಅಂಗಡಿಯ ಮುಂದೆ ಬಂದ ಹಾಗೆ, ತಮ್ಮ ಸರದಿಗೆ ನಿಲ್ಲುತ್ತವೆ, ಮುಂದೆ ಹೋಗುತ್ತವೆ.

ಘಟನೆಯ ನಂತರ ನೀವು ಹಾಲ್‌ನಲ್ಲಿ ಹೊಸ ಫಲಕ ಹಾಕಿಸಿದ್ದೀರಂತೆ, ಪ್ರೊಜೆಕ್ಟರಿನ ಸುರಕ್ಷಿತ ಬಳಕೆ ಎಂದು. ಗಾಳಿ ಕಿಂಡಿ ಮುಚ್ಚಬೇಡಿ, ಲೆನ್ಸಿನೊಳಗೆ ನೋಡಬೇಡಿ, ಬಿಸಿ ದೀಪ ಮುಟ್ಟಬೇಡಿ, ಎತ್ತರದ ಯಂತ್ರವನ್ನು ರಿಮೋಟಿನಿಂದಲೇ ಚಲಾಯಿಸಿ. ಎಲ್ಲವೂ ಸರಿ. ರಿಮೋಟು ಇನ್ನೂ ಬೀರುವಿನಲ್ಲೇ ಇದೆ ಎಂದು ಕೇಳಿದೆ. ಫಲಕಕ್ಕೆ ಚೌಕಟ್ಟು ಹಾಕಿಸಿದ್ದೀರಿ, ಚೌಕಟ್ಟಿಗೆ ಬಣ್ಣ ಬಳಿಸಿದ್ದೀರಿ, ಬೀಗವೊಂದನ್ನು ತೆಗೆಸಲಿಲ್ಲ.

ಆದ್ದರಿಂದ ನನ್ನ ಬೇಡಿಕೆ. ರಿಮೋಟನ್ನು ಒಂದು ದಾರಕ್ಕೆ ಕಟ್ಟಿ ಹಾಲ್‌ನ ಗೋಡೆಗೆ ತೂಗುಹಾಕಿ. ಕುರ್ಚಿ ಹಿಡಿದವರು, ಏಣಿ ಹಿಡಿದವರು, ರೋಗಿಯನ್ನು ಹಿಡಿದವರು ನಿಮಗೆ ಸೆಲ್ಯೂಟು ಹೊಡೆಯಬೇಕಿಲ್ಲ ಎಂದು ಒಂದು ಸಾಲಿನ ಆದೇಶ ಹೊರಡಿಸಿ. ಮತ್ತು ಆ ಪದವನ್ನು ಹೊಡೆದುಹಾಕಿ, ತಿದ್ದಿದ ವರದಿಯನ್ನು, ಅದೇ ಸಹಿ, ಅದೇ ಮೊಹರಿನೊಂದಿಗೆ, ಅದೇ ವಿಳಾಸಕ್ಕೆ, ಆಕೆಯ ಹೆಸರಿಗೇ ಕಳಿಸಿ. ಕ್ಷಮೆ ಬೇಡ, ಪರಿಹಾರ ಬೇಡ, ಹಣ್ಣು ಬೇಡ. ನಾನು ನೂರು ಸಲ ಹೇಳಿದರೂ ಆಕೆ ನಂಬುವುದಿಲ್ಲ. ಸೀಲು ಹೇಳಿದರೆ ನಂಬುತ್ತಾಳೆ.

ಇಲ್ಲಿಗೆ ಮುಗಿಸಿ ಚಪ್ಪಾಳೆಗೆ ಕಾಯಬಹುದಿತ್ತು. ಆದರೆ ಸಭೆಯೂ ಇಲ್ಲ, ಸಭಿಕರೂ ಇಲ್ಲ, ನಾನು ಈ ಪತ್ರದಲ್ಲಿ ಕಂಡಷ್ಟು ಖಾತ್ರಿಯ ಮನುಷ್ಯನೂ ಅಲ್ಲ. ನಿನ್ನೆ ಸಂಜೆ ಆಕೆ ಎಷ್ಟೋ ದಿನಗಳ ಮೇಲೆ ತಾನಾಗಿ ಒಲೆ ಹೊತ್ತಿಸಿ ಟೀ ಮಾಡಿದಳು. ಲೋಟಗಳನ್ನು ಹಿಡಿದು ಹೊರಗೆ ಹೋದಳು. ನಾನು ಸದ್ದಾಗದಂತೆ ಒಳಗೆ ಹೋಗಿ ಗ್ಯಾಸ್ ಒಲೆಯ ತಿರುಪನ್ನು ಮುಟ್ಟಿ ನೋಡಿದೆ. ತಿರುಗಿದರೆ, ಸಕ್ಕರೆ ಒಯ್ಯಲು ಬಂದವಳು ಬಾಗಿಲಲ್ಲಿ ನಿಂತಿದ್ದಳು.

"ಆರಿಸಿದ್ದೆ ರೀ" ಎಂದಳು.

"ಗೊತ್ತು" ಎಂದೆ.

ಗೊತ್ತಿರಲಿಲ್ಲ.

ಇಂತಿ,
ನಿಮ್ಮ ವರದಿಯನ್ನು ನಂಬದಿರಲು ಹೆಣಗುತ್ತಿರುವ,
ಸದರಿ ತರಬೇತುದಾರರ ಗಂಡ