ರೂಡಿಯ ಅಂಗಳದ ಹಸಿರು ಕಲ್ಲು

ಡುಲೂತ್, ಮಿನೆಸೋಟ
ಜೂನ್ ೧೪, ಶನಿವಾರ

ಪ್ರೀತಿಯ ಮಾರ್ಲಿಸ್,

ಹೇಗಿದ್ದೀಯ? ಮಣಿಕಟ್ಟಿನ ಸುಟ್ಟಗಾಯ ಒಣಗಿತೇ? ಮುಲಾಮು ಹಚ್ಚದೆ ಬರೀ ಬಟ್ಟೆ ಸುತ್ತಿಕೊಂಡು ಓಡಾಡುತ್ತಿರುತ್ತೀಯ, ನನಗೆ ಗೊತ್ತು. ಹಡಗಿನ ಅಷ್ಟು ಗಂಡಸರಿಗೆ ಮೂರು ಹೊತ್ತು ಬೇಯಿಸಿ ಹಾಕಿ ನೀನು ಒಲೆಯ ಪಕ್ಕ ನಿಂತೇ ಎರಡು ತುತ್ತು ನುಂಗುವವಳು. ಕುಳಿತು ಉಣ್ಣು. ಇಲ್ಲಿ ನಾನು ಚೆನ್ನಾಗಿದ್ದೇನೆ. ನಿಮ್ಮಮ್ಮ ನನಗಿಂತ ಚೆನ್ನಾಗಿದ್ದಾರೆ. ಸೊಂಟ ಹಿಡಿದಿದೆ, ಬಾಯಿ ಹಿಡಿದಿಲ್ಲ. ನಿನ್ನೆ ನಾನು ಮಾಡಿದ ಕಾಡಕ್ಕಿ ಸೂಪು ಕುಡಿದು, "ಉಪ್ಪು ಅಂತ ಒಂದು ವಸ್ತು ಇದೆ ಆರ್ಲನ್, ಕೇಳಿದ್ದೀಯಾ?" ಎಂದರು. ಎರಡನೇ ಬಟ್ಟಲೂ ಖಾಲಿ ಮಾಡಿದರು, ಅದು ಬೇರೆ ಮಾತು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹಡಗು ದಡದ ಹತ್ತಿರ ಬಂದಾಗ ಸಿಗುವ ಆ ಚೂರು ಹೊತ್ತಿನಲ್ಲಿ, ನಿನ್ನ ಅಡುಗೆಮನೆಯವರೆಲ್ಲ ಕಿವಿ ನಿಮಿರಿಸಿಕೊಂಡಿರುವಾಗ, ಇಂಥ ಮಾತು ಬಾಯಿಗೆ ಬರುವುದಿಲ್ಲ. ಡೆಟ್ರಾಯ್ಟ್ ನದಿಯಲ್ಲಿ ಟಪಾಲು ದೋಣಿಯವನು ಇದನ್ನು ನಿಮ್ಮ ಹಡಗಿನಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬಕೆಟ್ಟಿಗೆ ಹಾಕುವ ಹೊತ್ತಿಗೆ ನನ್ನ ಹೊಟ್ಟೆಯುರಿಯೂ ಕೊಂಚ ಆರಿರುತ್ತದೆ ಎಂಬ ನಂಬಿಕೆ. ಹೊಟ್ಟೆಯುರಿ ಎಂದೇ ಬರೆದಿದ್ದೇನೆ. ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ವಿಷಯ ನಮ್ಮ ಬಚ್ಚಲುಮನೆಯ ಸಿಂಕಿನ ಕಟ್ಟೆಯದು. ಹೊರಡುವ ದಿನ ಬಾಗಿಲಲ್ಲಿ ಚೀಲ ಹಿಡಿದು ನಿಂತು ನೀನು ಹೇಳಿದ್ದೆ, "ಅದನ್ನ ಕಿತ್ತು ಬಿಸಾಕು, ನೋಡಿದ್ರೆ ನಾಚಿಕೆ ಆಗುತ್ತೆ. ಕಲ್ಲು ಹಾಕ್ಸು. ಯಾವ್ದು ಅಂತ ನೀನೇ ನೋಡು." ನ್ಯಾಯವೇ. ಹಳೆಯ ಹಲಗೆ ನೀರು ಕುಡಿದು ಬ್ರೆಡ್ಡಿನ ಹಾಗೆ ಉಬ್ಬಿತ್ತು. ಕಾಗದದ ಗಿರಣಿ ಮುಚ್ಚಿದ ಮೇಲೆ ನನ್ನ ಕೈಗೂ ಕೆಲಸವಿಲ್ಲ. ಒಂದು ಬೆಳಿಗ್ಗೆಯಲ್ಲೇ ಕಿತ್ತೆ. ಕೀಳುವುದು ಸುಲಭ. ಕಲ್ಲು ಎಂದರೆ ಈ ಊರಿನಲ್ಲಿ ಇರುವವನು ಒಬ್ಬನೇ, ರೂಡಿ ಪ್ರೆಬಿಚ್. ಶಾಲೆಯ ಕೊನೆಯ ವರ್ಷದ ಡಾನ್ಸಿಗೆ ತನ್ನಪ್ಪನ ಕಲ್ಲಿನ ಲಾರಿಯಲ್ಲಿ ನಿನ್ನನ್ನು ಕೂರಿಸಿಕೊಂಡು ಹೋದ ರೂಡಿ. "ಎಂಥ ಮರ್ಯಾದಸ್ಥ ಹುಡುಗ, ಸೀಟಿನ ಮೇಲೆ ಬಿಳೀ ದುಪ್ಪಟಿ ಹಾಸಿದ್ದ" ಎಂದು ನಿಮ್ಮಮ್ಮ ಪ್ರತಿ ಕ್ರಿಸ್‌ಮಸ್ಸಿಗೂ ಹೇಳುತ್ತಾರೆ, ನಾನು ಪ್ರತಿ ಕ್ರಿಸ್‌ಮಸ್ಸಿಗೂ ನಗುತ್ತೇನೆ. ಅವನಿಗೆ ಹೆಂಡತಿ ಇರುವವರೆಗೆ ನಗುವುದು ಕಷ್ಟವಿರಲಿಲ್ಲ. ಪಾಪ, ಆಕೆ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಶವಪೆಟ್ಟಿಗೆಗೆ ನಾನೂ ಹೆಗಲು ಕೊಟ್ಟೆ. ಹೊರುವಾಗ ನನ್ನ ತಲೆಗೆ ಬಂದ ಯೋಚನೆಯನ್ನು ಇಲ್ಲಿ ಬರೆಯುವುದಿಲ್ಲ.

ಅಳತೆ ಹಿಡಿದುಕೊಂಡು, ಕಲ್ಲು ಕೊಯ್ದು ಮಾರುವ ಅವನ ಅಂಗಳಕ್ಕೆ ಹೋದೆ. ಅವನೇ ಕಾಫಿ ಬಗ್ಗಿಸಿ ಕೊಟ್ಟ. ಬಿಳಿ ಅಮೃತಶಿಲೆ ಬೇಕು ಎಂದೆ. ನಮ್ಮ ಬಚ್ಚಲುಮನೆಯಲ್ಲಿ ಎಲ್ಲವೂ ಬಿಳಿ, ನಿನಗೆ ಬಿಳಿಯೇ ಇಷ್ಟ ಎಂದು ನಂಬಿಕೊಂಡವನು ನಾನು. "ಬೇಡ ಮಾರಾಯ," ಎಂದ ರೂಡಿ. "ಮಾರ್ಬಲ್ ನೋಡೋಕೆ ಚೆಂದ, ಬಾಳ್ಸೋಕೆ ಕಷ್ಟ. ಅರ್ಧ ನಿಂಬೆಹಣ್ಣು ಇಟ್ಟು ಮರೆತರೆ ಹೊಳಪು ತಿಂದುಹಾಕುತ್ತೆ. ನಿಮ್ಮತ್ತೆ ಕೂದಲಿಗೆ ಬಣ್ಣ ಹಚ್ಕೋತಾರಲ್ಲ, ಒಂದು ಹನಿ ಬಿತ್ತೋ, ಅವರು ಹೋದ್ರೂ ಕಲೆ ಹೋಗಲ್ಲ. ಗ್ರಾನೈಟ್ ತಗೋ. ಇಗೋ ಈ ಹಸಿರು ನೋಡು. ಮಾರ್ಲಿಸ್‌ಗೂ ಇದೇ ಇಷ್ಟ ಆಗಿತ್ತು."

ಆಗಿತ್ತು. ಆಗಬಹುದು ಅಲ್ಲ, ಆದೀತು ಅಲ್ಲ. ಆಗಿತ್ತು.

"ನಿನಗೆ ಹೇಗೆ ಗೊತ್ತು?" ಎಂದೆ.

"ಮಾರ್ಚ್‌ನಲ್ಲಿ ಬಂದಿದ್ಲಲ್ಲ. ಇದರ ಮುಂದೇನೇ ತುಂಬಾ ಹೊತ್ತು ನಿಂತಿದ್ಲು. ಯಾಕೆ, ಹೇಳ್ಲಿಲ್ವಾ?"

"ಹೇಳಿದ್ಲು, ಹೇಳಿದ್ಲು," ಎಂದೆ. ಅವನು ಆ ಕಲ್ಲಿನ ಕುಲಗೋತ್ರ ಹೇಳತೊಡಗಿದ. ಹಾಸನ್ ಗ್ರೀನ್ ಅಂತೆ, ಇಂಡಿಯಾದಲ್ಲಿ ಅದೊಂದು ಊರಂತೆ. ಎರಡು ಸಮುದ್ರ ದಾಟಿ ಬಂದ ಕಲ್ಲಿಗೆ ನನ್ನ ಹೆಂಡತಿಯ ಮನಸ್ಸು ಗೊತ್ತು, ಒಂದೇ ಹಾಸಿಗೆಯಲ್ಲಿ ಮಲಗುವ ನನಗೆ ಗೊತ್ತಿಲ್ಲ. ಕಾಫಿ ಅರ್ಧಕ್ಕೇ ಬಿಟ್ಟು ಬಂದೆ.

ದಾರಿಯುದ್ದಕ್ಕೂ ಮಾರ್ಚ್ ತಿಂಗಳನ್ನು ಜಾಲಾಡಿದೆ. ಒಂದು ದಿನ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ತುಟಿಗೆ ಬಣ್ಣ ಹಚ್ಚಿಕೊಂಡು ಹೋದೆಯಲ್ಲ? ಹಲ್ಲು ಕೀಳಿಸಿಕೊಳ್ಳಲು ಹೋಗುವವರು ತುಟಿಗೆ ಬಣ್ಣ ಹಚ್ಚುತ್ತಾರೆಯೇ? ಅಂದು ಸಂಜೆ ನಿನ್ನ ಬೂಟಿನ ಮೇಲೆ ಬೂದುಬಣ್ಣದ ಧೂಳು ಕೂತಿತ್ತು. ಒರೆಸಿಟ್ಟವನು ನಾನೇ. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಎಂದುಕೊಂಡು, ಹೆಂಡತಿಯ ಬೂಟು ಒರೆಸುವ ಒಳ್ಳೆಯ ಗಂಡ ಎಂದು ನನಗೆ ನಾನೇ ಶಹಬ್ಬಾಸ್ ಕೊಟ್ಟುಕೊಂಡು ಒರೆಸಿದ್ದೆ.

ಮನೆಗೆ ಬಂದರೆ ನಿಮ್ಮಮ್ಮ ಒಂಟಿಯಾಗಿ ಇಸ್ಪೀಟು ಹರಡಿಕೊಂಡು ಕೂತಿದ್ದರು. "ಏನಯ್ಯಾ, ಕಲ್ಲು ಎಲ್ಲಿ? ರೂಡಿ ಆಗಿದ್ರೆ ಇಷ್ಟು ಹೊತ್ತಿಗೆ ಕೂರ್ಸಿ, ಒರೆಸಿ, ಮೇಲೊಂದು ಹೂದಾನಿ ಇಟ್ಟಿರ್ತಿದ್ದ." ಅವನ ಕಲ್ಲು ನನ್ನ ಮನೆಯೊಳಗೆ ಬರಕೂಡದು ಎಂದು ಅಲ್ಲೇ ನಿಶ್ಚಯಿಸಿದೆ. ಬೆಳಗೆದ್ದು ನೀನು ಮುಖ ತೊಳೆಯುವಾಗ, ರಾತ್ರಿ ಉಂಗುರ ಬಿಚ್ಚಿಡುವಾಗ, ನಿನ್ನ ಕೈ ಅವನು ಉಜ್ಜಿ ಹೊಳೆಯಿಸಿದ ಕಲ್ಲಿನ ಮೇಲೇ ಇರಬೇಕೇ?

ಸೇಂಟ್ ಕ್ಲೌಡ್ ಕಡೆ ಇನ್ನೊಬ್ಬ ಕಲ್ಲಿನವನಿದ್ದಾನೆ. ಅಲ್ಲಿಗೆ ಹೋಗಿ ಬಿಳಿ ಅಮೃತಶಿಲೆಯನ್ನೇ, ಸಿಂಕಿನ ತೂತು ಸಮೇತ, ಕೊಯ್ಯಿಸಿದೆ. ಚೆಂದವಿತ್ತು ಮಾರ್ಲಿಸ್, ಸುಳ್ಳು ಹೇಳುವುದಿಲ್ಲ, ಹಾಲಿನಲ್ಲಿ ಹೊಗೆ ಸುಳಿದ ಹಾಗಿತ್ತು. ನಿಲ್ಲಿಸಿ ಒಯ್ಯಲು ಮರದ ಚೌಕಟ್ಟು ಕೊಡುತ್ತೇನೆ ಎಂದ ಅಂಗಡಿಯವನು. ಬೇಡ ಎಂದೆ. ಗಿರಣಿಯಲ್ಲಿ ಮನೆಯಷ್ಟು ದೊಡ್ಡ ಯಂತ್ರ ಬಿಚ್ಚಿ ಜೋಡಿಸಿದವನಿಗೆ ಒಂದು ಚಪ್ಪಡಿ ಯಾವ ಲೆಕ್ಕ? ಟ್ರಕ್ಕಿನಲ್ಲಿ ನಮ್ಮ ಕೌದಿಗಳನ್ನು ಹಾಸಿ, ಮಗುವನ್ನು ಮಲಗಿಸಿದ ಹಾಗೆ ಮಲಗಿಸಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ರಸ್ತೆಯ ಗುಂಡಿಯೊಂದು ಬಂತು. ಸದ್ದೇನೂ ದೊಡ್ಡದಲ್ಲ, ಬಿಸ್ಕತ್ತು ಮುರಿದಷ್ಟೇ. ಇಳಿದು ನೋಡಿದರೆ ಸಿಂಕಿನ ತೂತಿನ ಹತ್ತಿರ ಎರಡು ಹೋಳು.

ರಸ್ತೆ ಪಕ್ಕದಲ್ಲಿ ಟ್ರಕ್ಕಿನ ಹಿಂಬದಿಯ ಹಲಗೆಯ ಮೇಲೆ ಬಹಳ ಹೊತ್ತು ಕೂತೆ. ಅಳುತ್ತಾ ಕೂತಿದ್ದೆ ಎಂದು ತಿಳಿದುಕೊಳ್ಳಬೇಡ. ಅಳುವಂಥದ್ದೇನೂ ಆಗಿರಲಿಲ್ಲ. ಗಿರಣಿಯ ಸೀಟಿ ನಿಂತ ದಿನವೂ ನಾನು ಅತ್ತಿಲ್ಲ. ಆದರೆ ಅಲ್ಲಿ ಕೂತು ಒಂದು ಮಾತು ಸ್ಪಷ್ಟವಾಯಿತು. ನನಗೆ ರೂಡಿಯ ಮೇಲೆ ಹೊಟ್ಟೆಕಿಚ್ಚು ಬಂದದ್ದು ಹಳೆಯ ಡಾನ್ಸಿನಿಂದಲ್ಲ. ಅವನು ಬೆಳಿಗ್ಗೆ ಎದ್ದರೆ ಹೋಗಲು ಒಂದು ಜಾಗವಿದೆ. ಸಂಜೆ ಕೈಯಲ್ಲಿ ಧೂಳು ಹತ್ತಿರುತ್ತದೆ. ನೀನು ಸಮುದ್ರದಂಥ ಸರೋವರದ ಮೇಲೆ ಬೆಂಕಿಯ ಮುಂದೆ ಬೇಯುತ್ತಿರುವಾಗ ನಾನು ನಿಮ್ಮಮ್ಮನ ಇಸ್ಪೀಟು ನೋಡುತ್ತಾ ಕೂರುತ್ತೇನೆ. ಅಂಥವನ ಹೆಂಡತಿ ಇನ್ನೊಬ್ಬನ ಅಂಗಳದಲ್ಲಿ ಹೊತ್ತು ಕಳೆದರೆ ಆಶ್ಚರ್ಯವೇನು ಎಂದು ನನ್ನೊಳಗೇ ಒಬ್ಬ ಕೇಳಿದ.

ಮನೆ ತಲುಪಿದೆ. ನಿಮ್ಮಮ್ಮ ಕೋಲೂರಿಕೊಂಡು ಹೊರಗೆ ಬಂದು ಎರಡೂ ಹೋಳು ನೋಡಿ, "ಒಳ್ಳೇದಾಯ್ತು ಬಿಡು, ಎರಡು ಬಚ್ಚಲಿಗೆ ಆಗುತ್ತೆ" ಎಂದು ಒಳಗೆ ಹೋದರು. ಹೋದವರು ನನಗೆ ತಿಳಿಯದಂತೆ ರೂಡಿಗೆ ಫೋನು ಮಾಡಿದರು. ನಾನು ಟ್ರಕ್ಕಿನಿಂದ ಹೋಳು ಇಳಿಸುವಷ್ಟರಲ್ಲಿ ಅವನು ಅಂಗಳದಲ್ಲಿ ನಿಂತಿದ್ದ.

"ಮಲಗಿಸ್ಕೊಂಡು ತಂದ್ಯಾ?" ಎಂದ.

"ಹೂಂ."

"ಕಲ್ಲನ್ನ ನಿಲ್ಲಿಸಿ ತರಬೇಕು ಕಣೋ." ಅವನು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು, ಹೊಡೆಯಲು ಒಂದು ನೆಪವಾಗುತ್ತಿತ್ತು. ತಡೆಯಲಾರದೆ ಕೇಳಿಯೇಬಿಟ್ಟೆ, "ಮಾರ್ಚ್‌ನಲ್ಲಿ ನನ್ನ ಹೆಂಡ್ತಿ ನಿನ್ನ ಹತ್ರ ಯಾಕೆ ಬಂದಿದ್ಲು ರೂಡಿ?"

ಅವನು ಟೋಪಿ ತೆಗೆದು ಹಾಕಿಕೊಂಡ. "ಅವಳನ್ನೇ ಕೇಳು. ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ. ಆದ್ರೆ ನೀನು ಅಂದ್ಕೊಂಡಿರೋದು ಅಲ್ಲ."

"ನಾನು ಏನು ಅಂದ್ಕೊಂಡಿದ್ದೀನಿ ಅಂತ ನಿನಗೇನು ಗೊತ್ತು?"

"ಮುಖ ನೋಡಿದ್ರೆ ಅಂಚೆಯವನಿಗೂ ಗೊತ್ತಾಗುತ್ತೆ," ಎಂದ. ಆಮೇಲೆ ಹೋಳೊಂದನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಹೇಳಿದ, "ಆ ಹಸಿರು ಕಲ್ಲು ಸವರುತ್ತಾ ಅವಳು ಅಂದಿದ್ದು ಒಂದು ಹೇಳ್ತೀನಿ. 'ಚೆಂದ ಇದೆ ರೂಡಿ, ಆದ್ರೆ ನಮ್ಮ ಆರ್ಲನ್‌ಗೆ ಬಿಳಿ ಅಂದ್ರೆ ಪ್ರಾಣ, ಬಿಳಿನೇ ಆಗ್ಲಿ' ಅಂದ್ಲು."

ನನಗೆ? ಬಿಳಿ? ಈ ಮನೆ ಕೊಂಡಾಗ "ಬಿಳಿ ಆದ್ರೆ ಚೊಕ್ಕಟವಾಗಿ ಕಾಣುತ್ತೆ" ಎಂದವಳು ನೀನು. ಅಂದಿನಿಂದ ನಾನು ಮೂರು ಸಲ ಬಿಳಿ ಬಳಿದಿದ್ದೇನೆ. ಪ್ರತಿ ಸಲವೂ ಆಸ್ಪತ್ರೆಯ ನೆನಪಾಗಿ ಮೈ ಜುಮ್ಮೆಂದಿದೆ. ನಿನಗೋಸ್ಕರ ಸುಮ್ಮನಿದ್ದೆ, ನೀನೂ ನನಗೋಸ್ಕರ ಸುಮ್ಮನಿದ್ದೀಯ. ಈ ಮಾತನ್ನು ರೂಡಿಯ ಬಾಯಿಂದ ಕೇಳಬೇಕಾಯಿತಲ್ಲ, ಅದೇ ನನ್ನ ಸಂಕಟ.

ಇಬ್ಬರಿಗೂ ಬೇಡದ ಬಿಳಿ ಯಾಕೆಂದು ಆ ಹಸಿರನ್ನೇ ಕೊಯ್ಯಲು ಅವನಿಗೆ ಹೇಳಿದೆ. ಮೊನ್ನೆ ಅದನ್ನು ಕೂರಿಸಿದೆವು. ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ನಾನು. ಗೋಡೆಗೆ ಕೂರಲಿಲ್ಲ. ಕಲ್ಲಿನ ಅಂಚು ಉಜ್ಜಬೇಕು ಎಂದು ಅವನು ಹೊರಟ. ಕಲ್ಲು ನೆಟ್ಟಗಿದೆ, ಗೋಡೆ ಒಳಮೂಲೆಯಲ್ಲಿ ಹೊಟ್ಟೆ ಬಿಟ್ಟಿದೆ ಎಂದೆ. ಅವನು ನಂಬಲಿಲ್ಲ. ದಾರ ಎಳೆದು ತೋರಿಸಿ, ಗೋಡೆಯನ್ನು ಕೆತ್ತಿ ಸಮ ಮಾಡಿದೆ. ಈ ಸಲ ಕಲ್ಲು ಬೀಗದಲ್ಲಿ ಕೀಲಿ ಕೂತ ಹಾಗೆ ಕೂತಿತು. ಅವನು ಅಂಚಿನ ಮೇಲೆ ಬೆರಳಾಡಿಸಿ ನನ್ನ ಕಡೆ ನೋಡಿದ, ಅಷ್ಟೇ.

ಕಲ್ಲು ಚೆನ್ನಾಗಿದೆ ಮಾರ್ಲಿಸ್. ದೀಪ ಹಾಕಿದರೆ ಮುಂಜಾನೆಯ ಸರೋವರದ ಬಣ್ಣ. ನಿಮ್ಮಮ್ಮ ಕೂಡ ಬಂದು, ನೋಡಿ, ಏನೂ ಕೊಂಕು ಸಿಗದೆ ಪೆಚ್ಚಾಗಿ ಹೋದರು. ನಾನು ಮಾತ್ರ ಮುಖ ಕ್ಷೌರ ಮಾಡಿಕೊಳ್ಳುವಾಗಲೆಲ್ಲ, ಹಲ್ಲಿನ ಡಾಕ್ಟರೆಂದು ಸುಳ್ಳು ಹೇಳಿ ನೀನು ಇದರ ಮುಂದೆ ಯಾಕೆ ನಿಂತಿದ್ದೆ ಎಂದು ಕೇಳಿಕೊಳ್ಳುತ್ತಿದ್ದೇನೆ. ಬರೆದು ತಿಳಿಸು. ಕೆಟ್ಟದ್ದಾದರೂ ತಿಳಿಸು. ಗಾಳಿ ಎದ್ದಾಗ ಡೆಕ್ಕಿನ ಮೇಲೆ ಹೋಗಬೇಡ. ನಿಮ್ಮಮ್ಮ ಆಶೀರ್ವಾದ ಹೇಳಿದ್ದಾರೆ, ಉಣ್ಣೆಯ ಕಾಲುಚೀಲ ಹಾಕಿಕೋ ಎಂದೂ ಹೇಳಿದ್ದಾರೆ.

ಎಷ್ಟು ಉರಿದರೂ ನಿನ್ನವನೇ ಆದ,
ಆರ್ಲನ್

ತಾ.ಕ. ಲಕೋಟೆ ಅಂಟಿಸುವಷ್ಟರಲ್ಲಿ ರೂಡಿ ಬಂದ, ಬಿಟ್ಟುಹೋದ ಸಾಮಾನು ಒಯ್ಯಲು. ಹೊರಟವನು ಬಾಗಿಲಲ್ಲಿ ನಿಂತು, "ಕಲ್ಲು ಕೊಯ್ಯೋ ಗರಗಸ ನಡೆಸೋಕೆ ಒಬ್ಬ ಬೇಕು. ಜುಲೈಯಿಂದ ಬರ್ತೀಯಾ?" ಎಂದ. ಆಗ ನನಗೆ ಹೊಳೆಯಿತು. ಮಾರ್ಲಿಸ್ ಇದನ್ನೇ ಕೇಳಲು ಬಂದಿದ್ದಳೇ ಎಂದೆ. ನಾನೇ ಊಹಿಸಿದ ಮೇಲೆ ಮುಚ್ಚಿಡುವುದೇನೆಂದು ಅವನು ಹೇಳಿಬಿಟ್ಟ, "ಹೂಂ. ಆಗ ಆಗಲ್ಲ ಅಂದಿದ್ದೆ. ಹೆಂಡ್ತಿ ಕೇಳಿದ್ಲು ಅಂತ ಕೆಲಸ ಕೊಟ್ಟಿದ್ರೆ ನೀನು ನನ್ನ ಮುಖಕ್ಕೆ ಉಗೀತಿದ್ದೆ. ಇವತ್ತು ಅವಳು ಕೇಳ್ತಿಲ್ಲ, ನಾನು ಕೇಳ್ತಿದ್ದೀನಿ. ಗೋಡೆ ಸೊಟ್ಟ ಅಂತ ಕಣ್ಣಲ್ಲೇ ಹಿಡಿದ್ಯಲ್ಲ." ಒಪ್ಪಿಕೊಂಡೆ. ಒಂದು ಕರಾರು ಹಾಕಿದ್ದೇನೆ: ನೀನು ರಜೆಗೆ ಬಂದಷ್ಟು ದಿನ ನಾನು ಮನೆಯಲ್ಲಿ, ಅವನು ಕಲ್ಲಿನ ಅಂಗಳದಲ್ಲಿ. ಕೈ ಕುಲುಕಿ ಹೋದ. ನನ್ನ ಗಿರಣಿಯ ಊಟದ ಡಬ್ಬಿ ಎಲ್ಲಿಟ್ಟಿದ್ದೀಯ? ಮನೆಯೆಲ್ಲ ಹುಡುಕಿದೆ, ಸಿಗುತ್ತಿಲ್ಲ. ಬೇಗ ಹೇಳು.