ಸತ್ತಿದೆ ಎಂದು ನೀವು ಬರೆದ ಕಂಪ್ಯೂಟರ್ ಮಾತಾಡುತ್ತಿದೆ

ಹಾಗಾಗಿ ಮಾನ್ಯರೇ, ನಿನ್ನೆ ನಗರಸಭೆಯ ನಿಮ್ಮ ಕೋಣೆಯಲ್ಲಿ ನಾನು ಹೇಳುತ್ತಿದ್ದ ಮಾತು ‘ಆಪರೇಟಿಂಗ್ ಸಿಸ್ಟಮ್ ಬೇರೆ, ಕಂಪ್ಯೂಟರ್ ಬೇರೆ’ ಎಂಬಲ್ಲಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ನಿಮಗೊಂದು ಫೋನ್ ಬಂತು, ನೀವು ಎದ್ದು ಹೋದಿರಿ, ಜವಾನರು ಬಂದು ಫ್ಯಾನ್ ಆರಿಸಿದರು. ಫ್ಯಾನ್ ಆರಿದ ಕೋಣೆಯಲ್ಲಿ ಖಾಲಿ ಕುರ್ಚಿಯ ಜೊತೆ ವಾದ ಮಾಡುವುದು ನನ್ನಂಥ ವಿಧುರನಿಗೆ ಹೊಸದೇನಲ್ಲ. ಆದರೂ ಉಳಿದ ಮಾತನ್ನು ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿಗೇ ಮುಗಿಸೋಣ ಎಂದುಕೊಂಡೆ. ವಿಷಯ ಇಷ್ಟೇ. ನಮ್ಮ ಬಡಾವಣೆಯ ಸಾರ್ವಜನಿಕ ವಾಚನಾಲಯದ ಕಂಪ್ಯೂಟರ್‌ಗಳೆಲ್ಲ ‘ನಿಷ್ಕ್ರಿಯ’ ಎಂದು ತಮ್ಮ ಉಗ್ರಾಣ ವಿಭಾಗ ಬರೆದಿದೆ. ಬರುವ ಸೋಮವಾರ ಅವುಗಳನ್ನು ಗುಜರಿ ಲೆಕ್ಕದಲ್ಲಿ ಹರಾಜು ಹಾಕಲಿದೆ. ಅವು ಸತ್ತಿಲ್ಲ. ಅವುಗಳಲ್ಲೊಂದು ದಿನಾ ಸಂಜೆ ಮಾತಾಡುತ್ತದೆ, ಅದೂ ನಮ್ಮೆಲ್ಲರಿಗಿಂತ ಖಾರವಾಗಿ.

ತಪಾಸಣೆ ಹೇಗೆ ನಡೆಯಿತೆಂಬುದಕ್ಕೆ ನಾನೇ ‘ಐ ವಿಟ್ನೆಸ್’. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿಗೆ ಅರ್ಧ ತುಕ್ಕು ಹಿಡಿದಿದೆ, ಪದ ಅದೇ ಇರಬೇಕು. ತಮ್ಮ ಇನ್‌ಸ್ಪೆಕ್ಟರು ಬಂದವರೇ ಮೊದಲ ಕಂಪ್ಯೂಟರಿನ ಮುಂದೆ ಬಗ್ಗಿ, ಪರದೆಯ ಎಡಗಡೆಯ ಕೆಳಮೂಲೆಯನ್ನು ದಿಟ್ಟಿಸಿದರು. ಅವರ ಕಚೇರಿಯ ಕಂಪ್ಯೂಟರಿನಲ್ಲಿ ಶುರು ಮಾಡುವ ಗುಂಡಿ ಅಲ್ಲಿರುತ್ತದೆ. ನಮ್ಮದರಲ್ಲಿ ಅದು ಮೇಲಿದೆ.

“ಗುಂಡಿ ಎಲ್ರೀ?” ಎಂದರು.

“ಮೇಲಿದೆ ಸರ್,” ಎಂದಳು ನನ್ನ ನಾದಿನಿ. ನನ್ನ ಹೆಂಡತಿ ತೀರಿಕೊಂಡ ಮೇಲೆ ಅಲ್ಲಿಯ ಕಂಪ್ಯೂಟರ್ ತರಗತಿ ನಡೆಸುವವಳು ಅವಳೇ.

“ಮೇಲ್ಯಾಕಿರುತ್ತೆ? ಕೆಳಗಲ್ವಾ ಇರೋದು?”

“ಇದು ಬೇರೆ ಸಿಸ್ಟಮ್ ಸರ್. ಲಿನಕ್ಸ್ ಅಂತ.”

“ಅಂದ್ರೆ ಕೆಲಸ ಮಾಡ್ತಿಲ್ಲ.”

“ಮಾಡ್ತಿದೆ ಸರ್. ನೋಡಿ, ಪರದೆ ಉರೀತಿದೆ.”

“ಉರಿಯೋದೆಲ್ಲ ಕೆಲಸ ಮಾಡ್ತಿರುತ್ತೇನಮ್ಮಾ? ನಮ್ಮ ಆಫೀಸಲ್ಲೂ ಇಡೀ ದಿನ ದೀಪ ಉರಿಯುತ್ತೆ.”

ಇಷ್ಟು ಪ್ರಾಮಾಣಿಕ ಹೇಳಿಕೆಯನ್ನು ಸರ್ಕಾರಿ ನೌಕರರೊಬ್ಬರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಆಗಲೇ ಮೂಲೆಯಿಂದ ಒಂದು ದನಿ, ಏರಿಳಿತವಿಲ್ಲದೆ, “ಸ್ವಾಮಿ, ನಾನು ಕೆಲಸ ಮಾಡ್ತಿದೀನಿ. ನೀವು?” ಎಂದಿತು. ಇನ್‌ಸ್ಪೆಕ್ಟರು ಬೆಚ್ಚಿ ಬಿದ್ದು ಹಿಂದೆ ನೋಡಿದರು, ಬಾಗಿಲ ಸಂದಿ ನೋಡಿದರು, ಕೊನೆಗೆ ನನ್ನನ್ನು ಅನುಮಾನದಿಂದ ನೋಡಿದರು. ಆಮೇಲೆ, ಮಾತಾಡಿದ ಯಂತ್ರವನ್ನೂ ಸೇರಿಸಿ ಎಲ್ಲವೂ ನಿಷ್ಕ್ರಿಯ ಎಂದು ಬರೆದುಕೊಂಡು ಹೊರಟರು. ಹೆಣ ಎದ್ದು ಕೂತು ಆಕ್ಷೇಪಣೆ ಸಲ್ಲಿಸಿದರೂ ಮರಣಪತ್ರ ಹಿಂದೆ ತೆಗೆದುಕೊಳ್ಳದ ಇಂಥ ಸ್ಥೈರ್ಯ ನಿಮ್ಮ ವಿಭಾಗದಲ್ಲಿ ಇನ್ನೆಷ್ಟು ಜನಕ್ಕಿದೆಯೋ ಕಾಣೆ.

ಆ ಮೂಲೆಯಲ್ಲಿ ಕೂರುವವರನ್ನು ನಾವು ಹರಾಜಣ್ಣ ಅನ್ನುತ್ತೇವೆ. ಬದುಕಿನುದ್ದಕ್ಕೂ ತರಕಾರಿ ಮಂಡಿಯಲ್ಲಿ ಹರಾಜು ಕೂಗಿದವರು. ಅವರು ಕೂಗಿದರೆ ಆಚೆ ಬೀದಿಯ ಕ್ಷೌರಿಕನ ಕೈಯಲ್ಲಿ ಕತ್ತಿ ನಿಲ್ಲುತ್ತಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಆ ದನಿ ಪೂರ್ತಿ ಹೋಯಿತು. ಹೆಂಡತಿ ಮಕ್ಕಳಿಲ್ಲ, ಒಬ್ಬರೇ. ಆಗ ನನ್ನ ಹೆಂಡತಿ, ಅವರು ಕೀಲಿಮಣೆಯಲ್ಲಿ ಕುಟ್ಟಿದ್ದನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಟನ್ನು ಆ ಕಂಪ್ಯೂಟರಿನಲ್ಲಿ ಮಾಡಿಕೊಟ್ಟಳು. ಬೈಗುಳ, ತಮಾಷೆ, ಕುಶಲೋಪರಿ, ಎಲ್ಲವನ್ನೂ ಅದು ಒಂದೇ ರಾಗದಲ್ಲಿ ಓದುತ್ತದೆ. “ನೀನೊಬ್ಬ ಶತಮೂರ್ಖ” ಎಂಬುದನ್ನು ರೈಲು ತಡವಾಗಿ ಬರುತ್ತಿದೆ ಎಂದು ಘೋಷಿಸಿದ ಹಾಗೆ ಹೇಳುತ್ತದೆ. ಆದರೂ ಅದು ಅವರದೇ ದನಿ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಸೋಮವಾರ ನೀವು ಹರಾಜು ಹಾಕುತ್ತಿರುವುದು ಅದನ್ನು.

ಮೊಬೈಲಿನಲ್ಲೂ ಇದೆಲ್ಲ ಆಗುತ್ತದಲ್ಲ ಎಂದು ನೀವು ನಿನ್ನೆ ಕೇಳಿದಿರಿ. ಆಗುತ್ತದೆ. ಅದಕ್ಕೂ ಆಂಡ್ರಾಯ್ಡ್ ಎಂಬಂಥ ಆಪರೇಟಿಂಗ್ ಸಿಸ್ಟಮ್ ಇರುತ್ತದೆ, ಬೆರಳಿನ ಸ್ಪರ್ಶಕ್ಕೂ ಬ್ಯಾಟರಿಯ ಮಿತವ್ಯಯಕ್ಕೂ ತಕ್ಕಂತೆ ಕಟ್ಟಿದ್ದು. ಹರಾಜಣ್ಣನ ಕೈ ನಡುಗುತ್ತದೆ ಸ್ವಾಮಿ. ನನ್ನ ಫೋನ್ ಕೊಟ್ಟು ನೋಡಿದೆವು. “ನೀರು ಕೊಡಿ” ಎಂದು ಒತ್ತಲು ಹೋಗಿ, ಪರಿಚಯವೇ ಇಲ್ಲದ ಯಾರಿಗೋ ಕರೆ ಹೋಯಿತು. ಅವರು ಪಾಪ ಹಲೋ ಹಲೋ ಎಂದು ಸುಸ್ತಾದರು. ನನ್ನ ಹೆಂಡತಿ ದಪ್ಪಕ್ಷರದ ಚೀಟಿ ಅಂಟಿಸಿಟ್ಟ ಆ ದೊಡ್ಡ ಕೀಲಿಮಣೆಯೇ ಅವರಿಗೆ ಬೇಕು.

ಈಗ ಪಾಠಕ್ಕೆ ಬರುತ್ತೇನೆ. ಆಪರೇಟಿಂಗ್ ಸಿಸ್ಟಮ್ಮಿಗೆ ಕನ್ನಡದಲ್ಲಿ ಕಾರ್ಯಾಚರಣ ವ್ಯವಸ್ಥೆ ಅನ್ನುತ್ತಾರೆ. ಹಾಗಂದರೆ ಪೊಲೀಸರು ನೆನಪಾಗುವುದರಿಂದ ನಾನು ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡಿದ್ದೇನೆ. ಕಂಪ್ಯೂಟರ್ ಎಂಬ ಪೆಟ್ಟಿಗೆಯಲ್ಲಿ ಲೆಕ್ಕ ಮಾಡುವ ಪ್ರೊಸೆಸರ್, ಆ ಹೊತ್ತಿಗಷ್ಟೇ ನೆನಪಿಡುವ ಮೆಮೊರಿ, ಕಾಯಮ್ಮಾಗಿ ಇಟ್ಟುಕೊಳ್ಳುವ ಡಿಸ್ಕ್ ಇರುತ್ತವೆ. ಹೊರಗೆ ಕೀಲಿಮಣೆ, ಪರದೆ. ಇಷ್ಟೂ ಬರೀ ಸಾಮಾನು. ಇವನ್ನೆಲ್ಲ ಎಬ್ಬಿಸಿ ಕೂರಿಸಿ, ಯಾರಿಗೆ ಯಾವಾಗ ಸರದಿ, ಯಾರಿಗೆಷ್ಟು ಜಾಗ, ಯಾವ ಕಡತ ಎಲ್ಲಿ, ಯಾರು ಯಾವುದನ್ನು ಮುಟ್ಟಕೂಡದು ಎಂದು ಸಂಸಾರ ತೂಗಿಸುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್. ವಿಂಡೋಸ್, ಮ್ಯಾಕ್ ಓಎಸ್, ಲಿನಕ್ಸ್ ಎಲ್ಲ ಇದೇ ಜಾತಿಯವು. ಗುಂಡಿ ಎಲ್ಲಿದೆ ಎಂಬುದು ಅವರವರ ಇಷ್ಟ. ನಮ್ಮ ಕಂಪ್ಯೂಟರ್‌ಗಳಲ್ಲಿ ಮೊದಲಿದ್ದ ಸಿಸ್ಟಮ್ಮಿಗೆ ವಯಸ್ಸಾಗಿ ಹೊಸ ರಿಪೇರಿ ಬರುವುದು ನಿಂತಿತು, ಅದರ ಮುಂದಿನ ಆವೃತ್ತಿಯ ಭಾರ ನಮ್ಮ ಹಳೇ ಪೆಟ್ಟಿಗೆಗಳು ತಡೆಯುತ್ತಿರಲಿಲ್ಲ. ಆಗ ನಾನೂ ನಿಮ್ಮ ಹಾಗೇ, ಇನ್ನಿವನ್ನು ಕೊಟ್ಟುಬಿಡೋಣ ಎಂದಿದ್ದೆ. “ಬಾಡಿಗೆಯವರು ಖಾಲಿ ಮಾಡಿದ್ರು ಅಂತ ಮನೇನೇ ಕೆಡವ್ತಾರೇನ್ರೀ?” ಎಂದಳು ನನ್ನ ಹೆಂಡತಿ. ಹಗುರವಾದ, ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ ಒಂದು ಲಿನಕ್ಸನ್ನು ಎಲ್ಲಕ್ಕೂ ಹಾಕಿ ಕೈ ಒರೆಸಿಕೊಂಡಳು.

ಇನ್ನು ಆಪರೇಟಿಂಗ್ ಸಿಸ್ಟಮ್ಮಿನ ಬಗೆಗಳ ವಿಚಾರ. ಹಳೇ ಕಾಲದ್ದು ಬ್ಯಾಚ್ ಬಗೆ. ಜನ ತಮ್ಮ ಕೆಲಸ ಒಪ್ಪಿಸಿ ಹೋಗಬೇಕು, ಒಂದೇ ತೆರನಾದವನ್ನು ಕಂತೆ ಕಟ್ಟಿ ಒಂದರ ಹಿಂದೊಂದು ನಡೆಸುತ್ತಾರೆ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ಉತ್ತರ ಬಂದಾಗ ಬಂತು. ಸಂಬಳದ ಚೀಟಿ ತಯಾರಿಸುವಂಥ ಕೆಲಸಕ್ಕೆ ಇವತ್ತಿಗೂ ಅದು ಒಳ್ಳೆಯದೇ. ಆದರೆ ಜನರ ಜೊತೆ ವ್ಯವಹರಿಸಲು ಅದನ್ನು ಎಂದೋ ಕೈಬಿಟ್ಟರು ಎಂದು ಪುಸ್ತಕದಲ್ಲಿದೆ. ಬರೆದವರು ನಿಮ್ಮ ಕಚೇರಿಗೆ ಬಂದಿರಲಾರರು. ಅದಾದ ಮೇಲೆ ಬಂದದ್ದು ಟೈಮ್ ಶೇರಿಂಗ್. ಪ್ರತಿಯೊಬ್ಬರಿಗೂ ಚೂರುಚೂರು ಹೊತ್ತು ಹಂಚಿ, ಇದು ನನ್ನೊಬ್ಬನದೇ ಯಂತ್ರ ಎಂದು ಪ್ರತಿಯೊಬ್ಬರಿಗೂ ಅನ್ನಿಸುವಷ್ಟು ಬೇಗ ಸರದಿ ತಿರುಗಿಸುವುದು. ಇದನ್ನು ನೀವೂ ಪ್ರಯತ್ನಿಸಿದ್ದೀರಿ: ಸ್ವಲ್ಪ ಫೋನು, ಸ್ವಲ್ಪ ಚಹಾ, ಸ್ವಲ್ಪ ನಾನು, ಮತ್ತೆ ಫೋನು. ಸರದಿ ಮಾತ್ರ ತಿರುಗಿ ನನ್ನ ಬಳಿ ಬರಲೇ ಇಲ್ಲ. ಹೀಗೆ ಸರದಿ ಸಿಗದೆ ಕಾದೇ ಕೂರುವುದಕ್ಕೆ ಈ ಶಾಸ್ತ್ರದಲ್ಲಿ ‘ಸ್ಟಾರ್ವೇಷನ್’ ಅನ್ನುತ್ತಾರೆ, ಅಂದರೆ ಉಪವಾಸ. ಇದು ನಾನು ಕಟ್ಟಿ ಹೇಳಿದ್ದಲ್ಲ.

ಡಿಸ್ಟ್ರಿಬ್ಯೂಟೆಡ್ ಎಂಬುದೊಂದಿದೆ. ಎಲ್ಲೆಲ್ಲೋ ಇರುವ ಹಲವು ಯಂತ್ರಗಳು ಕೆಲಸ ಹಂಚಿಕೊಂಡು, ಹೊರಗಿನವರಿಗೆ ಒಂದೇ ಯಂತ್ರದಂತೆ ಕಾಣುತ್ತವೆ. ನಿಮ್ಮಲ್ಲಿ ಇದು ತಲೆಕೆಳಗು. ಒಂದೇ ಕಚೇರಿ, ಆದರೆ ತಪಾಸಣೆಯವರಿಗೆ ಉಗ್ರಾಣದವರು ಯಾರೋ ಪರದೇಶಿಗಳು. ಉಗ್ರಾಣದವರು “ಕೆಳಗೆ ಕೇಳಿ” ಅನ್ನುತ್ತಾರೆ, ಕೆಳಗಿನವರು “ಮೇಲೆ ಕೇಳಿ” ಅನ್ನುತ್ತಾರೆ, ಲಿಫ್ಟ್ ಕೆಟ್ಟಿದೆ. ನಾನು ಲಿಫ್ಟ್ ದುರಸ್ತಿಯಲ್ಲಿ ಮೇಲ್ವಿಚಾರಕನಾಗಿದ್ದವನು. ಯಾಕೆ ಕೆಟ್ಟಿದೆ ಎಂದು ಶಬ್ದ ಕೇಳಿಯೇ ಹೇಳಬಲ್ಲೆ ಎಂದುಕೊಂಡೆ. ತಪ್ಪಾಗಿತ್ತು, ಅದಕ್ಕೆ ಕರೆಂಟೇ ಕೊಟ್ಟಿರಲಿಲ್ಲ.

“ಭಾವ, ಶುರು ಮಾಡಿದ್ರಾ ಲಿಫ್ಟ್ ಪುರಾಣ?” ಎನ್ನುತ್ತಾಳೆ ಹೆಗಲ ಮೇಲಿಂದ ಇದನ್ನು ಓದುತ್ತಿರುವ ನಾದಿನಿ. “ಅಕ್ಕ ಇದ್ದಿದ್ರೆ ಇಷ್ಟು ಹೊತ್ತಿಗೆ ಪೆನ್ ಕಿತ್ಕೊಂಡಿರೋಳು.”

“ಇರು, ಇದೊಂದು ಮುಖ್ಯ,” ಎಂದೆ. ನಿಜಕ್ಕೂ ಮುಖ್ಯ. ರಿಯಲ್ ಟೈಮ್ ಎಂಬ ಬಗೆಯಲ್ಲಿ ಉತ್ತರ ಸರಿಯಿದ್ದರೆ ಸಾಲದು, ಗೊತ್ತಾದ ಹೊತ್ತಿನೊಳಗೆ ಬರಬೇಕು. ಬಾಗಿಲ ನಡುವೆ ಕೈ ಸಿಕ್ಕಾಗ ಲಿಫ್ಟು ಆ ಕ್ಷಣವೇ ನಿಲ್ಲಬೇಕು. ತಮ್ಮ ಮನವಿ ಪರಿಶೀಲನೆಯಲ್ಲಿದೆ ಅನ್ನುವಂತಿಲ್ಲ. ತಡವಾಗಿ ಬಂದ ಸರಿ ಉತ್ತರ ಅಲ್ಲಿ ತಪ್ಪು ಉತ್ತರವೇ. ಮಾನ್ಯರೇ, ಹರಾಜು ನಿಲ್ಲಿಸಿ ಎಂದು ನಾನು ಕೊಟ್ಟ ಅರ್ಜಿ ಈ ಬಗೆಯದು. ನಿಮ್ಮ ಗುಮಾಸ್ತರು ಅದನ್ನು ಬ್ಯಾಚ್ ಕಂತೆಗೆ ಸೇರಿಸಿ, ಮುಂದಿನ ತಿಂಗಳು ಬನ್ನಿ ಎಂದಿದ್ದಾರೆ. ಮುಂದಿನ ತಿಂಗಳು ನಿಮ್ಮ ಆದೇಶ ಎಷ್ಟೇ ನ್ಯಾಯವಾಗಿರಲಿ, ಅದನ್ನು ಗುಜರಿ ಅಂಗಡಿಯ ರಾಶಿಯ ಮುಂದೆ ನಿಂತು ಓದಬೇಕಾಗುತ್ತದೆ.

ಹರಾಜಿನ ಪ್ರಕಟಣೆಯನ್ನು ಹರಾಜಣ್ಣನಿಗೆ ಓದಿ ಹೇಳುವ ಕೆಲಸ ನಾದಿನಿಯ ಪಾಲಿಗೆ ಬಂತು. ಅವರು ತುಂಬ ಹೊತ್ತು ಕುಟ್ಟಿದರು. “ಜೀವಮಾನವೆಲ್ಲ ಕೊಳೆತ ಟೊಮೆಟೊನ ಕೊಳೆತಿದೆ ಅಂತಾನೇ ಕೂಗಿದೀನಿ. ಚೆನ್ನಾಗಿರೋದನ್ನ ಕೊಳೆತಿದೆ ಅಂತ ಒಂದು ದಿನಾನೂ ಕೂಗಿಲ್ಲ,” ಎಂದಿತು ಯಂತ್ರ. ನಾವು ನಕ್ಕೆವು. ಅವರು ನಗಲಿಲ್ಲ, ಮತ್ತೆ ಕುಟ್ಟಿದರು. “ಸೋಮವಾರ ಆದ್ಮೇಲೆ ನಾನು ಯಾರ ಜೊತೆ ಜಗಳ ಆಡ್ಲಿ?” ಅದನ್ನೂ ಅದು ಅದೇ ರಾಗದಲ್ಲಿ ಓದಿತು. ನಾದಿನಿ ಪ್ರಕಟಣೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಅಷ್ಟು ಜನ ಮಾತು ಬರುವವರು ಇದ್ದೆವು.

ಆದ್ದರಿಂದ, ‘ಇನ್ ವ್ಯೂ ಆಫ್ ದಿ ಅಬವ್’, ನನ್ನ ಬೇಡಿಕೆ ಚಿಕ್ಕದು. ಹರಾಜು ನಿಲ್ಲಿಸಿ. ಕಾಗದದ ಮೇಲೆ ನಿಲ್ಲಿಸಲು ಆಗದಿದ್ದರೆ, ಸೋಮವಾರಕ್ಕೆ ಮುಂಚೆ ಒಂದು ಸಂಜೆ ನೀವೇ ಬನ್ನಿ, ಇನ್‌ಸ್ಪೆಕ್ಟರನ್ನು ಕಳಿಸಬೇಡಿ. ಹರಾಜಣ್ಣನ ಪಕ್ಕದಲ್ಲಿ ಕುರ್ಚಿ ಹಾಕಿಸುತ್ತೇನೆ. ನಿಮ್ಮ ವರದಿಯನ್ನು ಅವರ ಮುಖ ನೋಡಿಕೊಂಡು ಗಟ್ಟಿಯಾಗಿ ಓದಿ. ಉತ್ತರ ಬರಲು ಸ್ವಲ್ಪ ಹೊತ್ತಾಗುತ್ತದೆ, ಅವರ ಬೆರಳು ನಿಧಾನ. ಅಷ್ಟು ಹೊತ್ತು ಕೂತಿರಿ. ಆಮೇಲೂ ಅದು ನಿಷ್ಕ್ರಿಯ ಅನ್ನಿಸಿದರೆ ಗಾಡಿಗೆ ಹೇರಲು ನಾನೇ ಒಂದು ಕೈ ಹಾಕುತ್ತೇನೆ.

ಒಂದೇ ಯಂತ್ರದಲ್ಲಿ ಹಲವರು ಒಬ್ಬರ ಕಡತ ಇನ್ನೊಬ್ಬರು ಮುಟ್ಟದೆ ಬಾಳುವ ಮಲ್ಟಿ ಯೂಸರ್ ಬಗೆಯ ಬಗ್ಗೆಯೂ ಹೇಳುವುದಿತ್ತು, ಬಟ್ಟೆ ಒಗೆಯುವ ಯಂತ್ರದೊಳಗೆ ಅಡಗಿ ಕೂತಿರುವ ಪುಟ್ಟ ಸಿಸ್ಟಮ್ಮುಗಳ ಬಗ್ಗೆಯೂ. ಆದರೆ ವಾಚನಾಲಯದ ಕಿಟಕಿಯ ಬೆಳಕು ಹೋಗುತ್ತಿದೆ, ಬರೆದ ಸಾಲು ನನಗೇ ಕಾಣುತ್ತಿಲ್ಲ. ಹರಾಜಣ್ಣ ಬಂದು ಕೂತರು. ಏನೋ ಕುಟ್ಟುತ್ತಿದ್ದಾರೆ. ನಾನು ಕೇಳಬೇಕು, ನಿಲ್ಲಿಸುತ್ತೇನೆ.

ಇಂತಿ,
ಮಾತಾಡಲು ಯಂತ್ರದ ಹಂಗಿಲ್ಲದಿದ್ದರೂ ನಿಮಗೆ ಕೇಳಿಸದ,
ಒಬ್ಬ ನಿವೃತ್ತ ಲಿಫ್ಟ್ ಮೇಲ್ವಿಚಾರಕ