ಆರು ದೀಪದ ಸಾಲು

ಫೆಬ್ರವರಿ 12, ಸೋಮವಾರ. ಬೆಳಿಗ್ಗೆ

ಗಾಡಿ ತೊಳೆದೆ. ಸೀಟಿನ ಸಂದಿಯಿಂದ ಹೂವಿನ ಎಸಳು ತೆಗೆಯುವುದೇ ಒಂದು ಕೆಲಸ. ಟ್ರಸ್ಟಿನವರು ಶವದ ಗಾಡಿಗೆ ಹೊಸ ಪ್ಲೇಯರ್ ಹಾಕಿಸಿದ್ದಾರೆ. ಶಿವಾಜಿನಗರದ ಸೈಫ್ ಬಂದು ಡ್ಯಾಶ್‌ಬೋರ್ಡಿಗೆ ಸ್ಕ್ರೂ ಹೊಡೆದು ಕೂರಿಸಿದ. ನೀಲಿ ದೀಪ ಮಿನುಗಿದರೆ ಪೆನ್‌ಡ್ರೈವ್ ಓದುತ್ತಿದೆ ಅಂತ. ನಿಂತು ಉರಿದರೆ ಹಾಡು ಶುರು. ಪಕ್ಕದಲ್ಲಿ ಆರು ದೀಪದ ಸಾಲು, ಶಬ್ದಕ್ಕೆ ತಕ್ಕಂತೆ ಏರಿಳಿಯುತ್ತದೆ. ನಾಲ್ಕು ಹಸಿರು, ಒಂದು ಹಳದಿ, ಕೊನೆಯದು ಕೆಂಪು.

ಗಲ್ಲಿಯಲ್ಲಿ ಎರಡು ದೀಪದಷ್ಟು ಶಬ್ದ. ಮೇನ್ ರೋಡಿನಲ್ಲಿ ನಾಲ್ಕು. ಚಿತಾಗಾರದ ಗೇಟಿನಲ್ಲಿ ಬಂದ್. ತನಗೇ ಗೊತ್ತಿಲ್ಲದೆ ಸೈಫ್ ನನಗೊಂದು ಕಿವಿ ಹಾಕಿಕೊಟ್ಟ.

ಫೆಬ್ರವರಿ 15

ಹಳೆಯ ಪ್ಲೇಯರಿನಲ್ಲಿ ಜನರ ಮುಖ ನೋಡಿ ವಾಲ್ಯೂಮ್ ತಿರುಗಿಸುತ್ತಿದ್ದೆ. ಯಾರಾದರೂ ಹುಬ್ಬು ಗಂಟಿಕ್ಕಿದರೆ ಇಳಿಸು. ಈಗ ಆ ಪಾಡಿಲ್ಲ.

ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿಯುತ್ತದೆ. ಬೆನ್ನ ಹಿಂದಿನದೆಲ್ಲ ಹೋಯಿತು. ಕಿವಿ ಹೋದದ್ದನ್ನು ಮನೆಯವಳಿಗೂ ಹೇಳಿಲ್ಲ. ಗೊತ್ತಾದರೆ ಕೆಲಸ ಹೋಗುತ್ತದೆ. ಈ ಊರಲ್ಲಿ ಸಾಯುವವರಿಗೂ ಬರವಿಲ್ಲ, ಡ್ರೈವರುಗಳಿಗೂ ಬರವಿಲ್ಲ.

ಫೆಬ್ರವರಿ 27, ಮಂಗಳವಾರ. ಸಂಜೆ

ಇವತ್ತಿನದನ್ನು ಬರೆದುಬಿಡಬೇಕು.

ಜೀವನ್ ಬಿಮಾ ನಗರ. ತೀರಿಕೊಂಡವರು ಬೈಲಪ್ಪ ಅಂತ, ರಿಟೈರ್ಡ್. ಮಗಳು ರಮ್ಯಶ್ರೀ ಒಂದು ಪೆನ್‌ಡ್ರೈವ್ ಕೈಗಿಟ್ಟು "ದಾರಿಯುದ್ದಕ್ಕೂ ಇದೇ ಇರ್ಲಿ" ಎಂದಳು. ಹಾಕಿದೆ. ನೀಲಿ ದೀಪ ನಿಂತು ಉರಿಯಿತು. ಹೊರಟೆ.

ಆದರೆ ದೀಪದ ಸಾಲು ಸರಿಯಿಲ್ಲ. ಎರಡು ಹತ್ತುತ್ತದೆ, ಪೂರ್ತಿ ಆರುತ್ತದೆ. ಮೂರು — ಮತ್ತೆ ಕತ್ತಲೆ. ಯಾವ ಹಾಡೂ ಹೀಗೆ ನಡೆಯುವುದಿಲ್ಲ. ವೈರ್ ಲೂಸ್ ಅಂದುಕೊಂಡೆ. ಅವಳ ಪೆನ್‌ಡ್ರೈವ್ ಕಿತ್ತು ಜೇಬಿಗಿಟ್ಟು, ಟ್ರಸ್ಟಿನ ಭಜನೆ ಹಾಕಿದೆ. ದೀಪ ಸಲೀಸಾಗಿ ಕುಣಿಯಿತು. ಸಮಾಧಾನವಾಯಿತು... ಸಮಾಧಾನ!

ಮಗಳು ಹಿಂದೆ ಹೆಣದ ಪಕ್ಕ ಕೂತಿದ್ದಳು. ಜೊತೆಗೆ ಸ್ಟ್ರೆಚರ್ ಹಿಡಿಯುವ ಮೊಹ್ಸಿನ್. ಇಬ್ಬರೂ ನಡುವಿನ ಗಾಜು ಬಡಿಯುತ್ತಲೇ ಇದ್ದರಂತೆ.

ಕಲ್ಪಳ್ಳಿ ಚಿತಾಗಾರದಲ್ಲಿ ಇಳಿದು ನನ್ನ ಬಾಗಿಲಿಗೆ ಬಂದಳು. ಬೈಯಲಿಲ್ಲ. "ಅದು ಅಪ್ಪನ ದನಿ. ನನ್ ಹತ್ರ ಫೋನಲ್ಲಿ ಮಾತಾಡಿದ್ದು. ಯಾಕ್ರೀ ನಿಲ್ಲಿಸ್ಬಿಟ್ರಿ?"

ಮಾತಿಗೂ ಮಾತಿಗೂ ನಡುವೆ ಮನುಷ್ಯ ಉಸಿರು ತೆಗೆದುಕೊಳ್ಳುತ್ತಾನೆ. ಅದನ್ನು ವೈರ್ ಲೂಸ್ ಅಂದುಕೊಂಡೆನಲ್ಲ. ನಾಚಿಕೆಯಾಗುತ್ತಿದೆ.

ಫೆಬ್ರವರಿ 28

ಮೊಹ್ಸಿನ್ ನನ್ನ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡ. "ವಸಂತಣ್ಣ, ನಿನ್ನೆ ಹಿಂದ್ಗಡೆ ಆಂಬುಲೆನ್ಸ್ ಬಡ್ಕೊಂತಿತ್ತು. ದಾರಿ ಬಿಡ್ಲಿಲ್ಲ ನೀವು. ಕೇಳಿಸಲ್ವಾ?"

ಸುಳ್ಳು ಬಾಯಿವರೆಗೆ ಬಂತು. ನುಂಗಿದೆ. "ಇಲ್ಲ ಕಣೋ."

"ನಾನ್ ಯಾರ್ಗೂ ಹೇಳಲ್ಲ. ನೀವೇ ಹೇಳ್ಬೇಕು."

ಹೆಣದ ಗಾಡಿ ಇಟ್ಟುಕೊಂಡು ಬದುಕಿದ್ದವನ ದಾರಿಗೆ ಅಡ್ಡ ನಿಂತಿದ್ದೇನೆ. ಆ ಆಂಬುಲೆನ್ಸಿನಲ್ಲಿ ಯಾರಿದ್ದರೋ.

ಮಾರ್ಚ್ 4, ಸೋಮವಾರ. ಮಧ್ಯಾಹ್ನ

ಟ್ರಸ್ಟಿನಲ್ಲಿ ಹೇಳಿದೆ. ನಾಳೆಯಿಂದ ಕೀ ಮೊಹ್ಸಿನ್ ಕೈಗೆ. ನನಗೆ ಆಫೀಸಿನಲ್ಲಿ ಏನಾದರೂ ನೋಡೋಣ ಎಂದರು. 'ನೋಡೋಣ' ಎಂದರೆ ಏನೆಂದು ಕಿವುಡನಿಗೂ ಗೊತ್ತು.

ಮನೆಯವಳಿಗೂ ಹೇಳಿದೆ. "ಕುಕ್ಕರ್ ಕೂಗಿ ಕೂಗಿ ತಳ ಹಿಡಿದ್ರೂ ಪಕ್ಕದಲ್ಲೇ ಕೂತಿರ್ತೀರ. ನಂಗ್ ಗೊತ್ತಿರ್ಲಿಲ್ವಾ?" ಎಂದಳು. ತಿರುಗಿ ನಿಂತು ಅತ್ತಳು. ಭುಜ ನೋಡಿ ತಿಳಿಯಿತು.

ಅದೇ ದಿನ, ಸಂಜೆ

ಪೆನ್‌ಡ್ರೈವ್ ಜೇಬಿನಲ್ಲೇ ಉಳಿದಿತ್ತು. ಕೊನೇ ಸಲ ಗಾಡಿ ತೆಗೆದುಕೊಂಡು ಜೀವನ್ ಬಿಮಾ ನಗರಕ್ಕೆ ಹೋದೆ.

ಗೇಟಿಗೆ ಬಂದ ರಮ್ಯಶ್ರೀಗೆ ಎಲ್ಲ ಹೇಳಿದೆ. ಕ್ಷಮಿಸಮ್ಮ ಎಂದು ಪೆನ್‌ಡ್ರೈವ್ ಕೊಟ್ಟೆ. ಅವಳು ಗಾಡಿ ಹತ್ತಿ ಪಕ್ಕದ ಸೀಟಿನಲ್ಲಿ ಕೂತು ಪೆನ್‌ಡ್ರೈವ್ ಹಾಕಿದಳು. ನೀಲಿ ಮಿನುಗಿತು, ನಿಂತಿತು. ಎರಡು — ಕತ್ತಲೆ. ಮೂರು — ಕತ್ತಲೆ.

ನನ್ನ ಕಡೆ ತಿರುಗಿದಳು. "'ಊಟ ಆಯ್ತಾ?' ಅಂತಿದಾರೆ. ದಿನಾ ಅದೇ."

ವಾಲ್ಯೂಮ್ ಏರಿಸಿದಳು. ನಾಲ್ಕು ಹಸಿರೂ ಹತ್ತಿದವು. ಹಳದಿ. ಎದುರುಮನೆಯ ಅಜ್ಜಿ ಕಾಂಪೌಂಡಿಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಕೆಂಪು. ಕಿವಿಗೆ ಏನೂ ಇಲ್ಲ. ಸ್ಪೀಕರಿನ ಜಾಲರಿಯ ಮೇಲೆ ಅಂಗೈ ಇಟ್ಟೆ. ನಡುಕ ಬಂತು. ನಿಂತಿತು. ಬಂತು. ಬೈಲಪ್ಪನವರು ಉಸಿರು ತೆಗೆದುಕೊಂಡರು.

ಸ್ಪೀಕರಿನ ಕಡೆ ಬಗ್ಗಿ, "ಊಟ ಆಯ್ತು ಸಾರ್" ಎಂದೆ. ರಮ್ಯಶ್ರೀ ಮತ್ತೆ ಮೊದಲಿಂದ ಹಾಕಿದಳು.